ಐದು ಪುಟದ ತಾಣಕ್ಕೆ ಬಾಡಿಗೆ ಎಷ್ಟು?

ಹೈದರಾಬಾದಿನಲ್ಲಿ ವೆಬ್‌ಸೈಟ್ ಮಾಡಿಕೊಡುವವರಿಗೆ ಬರವಿಲ್ಲ. ಅಮೀರ್‌ಪೇಟೆಯ ತರಬೇತಿ ಕೇಂದ್ರದಲ್ಲಿ ಆಗಷ್ಟೇ ಕೋರ್ಸ್ ಮುಗಿಸಿದ ಹುಡುಗ ಸಿಗುತ್ತಾನೆ, ಮಾಧಾಪುರದ ಕಂಪನಿಯಲ್ಲಿರುವ ಅಣ್ಣನ ಮಗ ಸಿಗುತ್ತಾನೆ, ಇಬ್ಬರಿಗೂ ಬಿಡುವಿಲ್ಲದಿದ್ದರೆ ಊರ ತುಂಬ ಏಜೆನ್ಸಿಗಳಿವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಬಂದುಹೋಗುವ ಕನ್ನಡಿಗರಲ್ಲಿ ತಾಣ ಬೇಕೆನ್ನುವವರ ಅಗತ್ಯ ಸಾಮಾನ್ಯವಾಗಿ ಚಿಕ್ಕದೇ: ತಮ್ಮ ಕನ್ನಡ ಬಳಗದ ಪರಿಚಯ, ಪದಾಧಿಕಾರಿಗಳ ಹೆಸರು, ರಾಜ್ಯೋತ್ಸವದ ಫೋಟೊಗಳು, ಹಳೆಯ ಸ್ಮರಣ ಸಂಚಿಕೆಗಳು, ವಿಳಾಸ. ಇಲ್ಲವೇ ಸಂಗೀತ ಹೇಳಿಕೊಡುವವರ, ಊಟ ಕಳಿಸುವವರ, ನಿವೃತ್ತ ಮೇಷ್ಟರೊಬ್ಬರ ಬರಹಗಳ ನಾಲ್ಕೈದು ಪುಟ. ಇಷ್ಟಕ್ಕೆ ಅವರ ಕೈಗೆ ಬರುವುದು ಡೇಟಾಬೇಸ್, ಹತ್ತು ಮೇಲ್‌ಬಾಕ್ಸ್, ಕಂಟ್ರೋಲ್ ಪ್ಯಾನೆಲ್ ಎಲ್ಲ ಸೇರಿದ ನಾಲ್ಕು ವರ್ಷದ ಹೋಸ್ಟಿಂಗ್. ಅದರಲ್ಲಿ ಮುಕ್ಕಾಲು ಭಾಗವನ್ನು ಯಾರೂ ಒಮ್ಮೆಯೂ ತೆರೆದು ನೋಡುವುದಿಲ್ಲ.

ಇಂಥ ತಾಣಕ್ಕೆ ಹೋಸ್ಟಿಂಗ್ ಬಾಬ್ತು ಖರ್ಚು ಸೊನ್ನೆ ಇರಬಹುದು. ದುಡ್ಡು ಬೀಳುವುದು ತಾಣದ ವಿಳಾಸವಾದ ಡೊಮೇನ್ ಹೆಸರಿಗೆ ಮಾತ್ರ. ಆದರೆ ಬಹುತೇಕರು ಹೆಸರಿನ ವಿಷಯದಲ್ಲಿ ಅಸಡ್ಡೆ ತೋರಿ, ಹೋಸ್ಟಿಂಗ್‌ಗೆ ದುಡ್ಡು ಸುರಿಯುತ್ತಾರೆ.

ಮೊದಲು ತಾಣ ಸ್ಥಿರವೋ ಅಲ್ಲವೋ ನೋಡಿಕೊಳ್ಳಬೇಕು. ಯಾರು ಬಂದು ತೆರೆದರೂ ಒಂದೇ ಪುಟ ಕಾಣಬೇಕಾದರೆ ಅದು ಸ್ಥಿರ ತಾಣ, ಇಂಗ್ಲಿಷಿನ ಸ್ಟ್ಯಾಟಿಕ್. ಎಚ್‌ಟಿಎಂಎಲ್ ಕಡತಗಳು, ಚಿತ್ರಗಳು, ಒಂದು ಸ್ಟೈಲ್ ಕಡತ, ಅಷ್ಟೇ. ಲಾಗಿನ್, ಬುಟ್ಟಿಗೆ ಹಾಕಿ ಹಣ ಕಟ್ಟುವ ವ್ಯವಸ್ಥೆ, ಸದಸ್ಯರ ದಾಖಲೆ ಇದ್ದರೆ ಅದು ಬೇರೆ ಬಗೆ. ವಚನಗಳಲ್ಲಿ ಬೇಕಾದ ಪದ ಹುಡುಕಿಕೊಡುವ ‘ವಚನ ಸಂಚಯ’ದಂಥ ತಾಣಕ್ಕೆ ಹಿಂದೆ ದತ್ತಾಂಶದ ಕಣಜ ಬೇಕು. ಬಳಗದ ಕಾರ್ಯಕ್ರಮ ಪಟ್ಟಿಗೆ ಅದರ ಅಗತ್ಯವಿಲ್ಲ. ಪುಟಗಳನ್ನು ಕೈಯಾರೆ ಬರೆದರೂ ಸರಿ, ಹ್ಯೂಗೊ ಅಥವಾ ಜೆಕಿಲ್‌ನಂಥ ಉಪಕರಣದಿಂದ ತಯಾರಿಸಿದರೂ ಸರಿ, ಕೊನೆಗೆ ಸಿಗಬೇಕಾದದ್ದು ಒಂದು ಫೋಲ್ಡರ್. ಅದರ ಬಾಯಲ್ಲೇ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಕಡತ ಇರಬೇಕು. ಒಳಗೊಂದು ಫೋಲ್ಡರಿನಲ್ಲಿ ಬಚ್ಚಿಟ್ಟಿದ್ದರೆ ತಾಣ ತೆರೆದಾಗ ‘404’ ಕಾಣುತ್ತದೆ.

ಆಮೇಲೆ ತಾಣ ಇಡುವ ಜಾಗ, ಅಂದರೆ ಹೋಸ್ಟಿಂಗ್. ‘ತಿಂಗಳಿಗೆ 79 ರೂಪಾಯಿ ಮಾತ್ರ’ ಎಂಬ ಬಗೆಯ ಜಾಹೀರಾತನ್ನು ಉದಾಹರಣೆಗೆ ಲೆಕ್ಕ ಹಾಕಿ ನೋಡಬಹುದು. ಆ ದರ ಸಾಮಾನ್ಯವಾಗಿ 48 ತಿಂಗಳ ಹಣವನ್ನು ಒಟ್ಟಿಗೆ ಕಟ್ಟಿದವರಿಗೆ. 3,792 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಸುಮಾರು 4,475. ನಾಲ್ಕು ವರ್ಷ ಮುಗಿದ ಮೇಲೆ ನವೀಕರಣದ ದರ ಇದರ ಎರಡು-ಮೂರು ಪಟ್ಟು ಇದ್ದರೆ ಆಶ್ಚರ್ಯವಿಲ್ಲ. ಆ ಸಂಖ್ಯೆ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಹೋಸ್ಟಿಂಗ್ ಕೊಂಡರೆ ಡೊಮೇನ್ ಉಚಿತ ಎಂಬ ಆಮಿಷವನ್ನೂ ನಂಬಬಾರದು. ಉಚಿತ ಮೊದಲ ವರ್ಷಕ್ಕೆ ಮಾತ್ರ.

ಸ್ಥಿರ ತಾಣಗಳನ್ನು ಉಚಿತವಾಗಿ ಇಟ್ಟುಕೊಳ್ಳುವ ದೊಡ್ಡ ಸೇವೆಗಳಲ್ಲಿ ಎರಡನ್ನು ಧೈರ್ಯವಾಗಿ ಹೇಳಬಹುದು. ಒಂದು, 2008ರಿಂದ ಇರುವ ಗಿಟ್‌ಹಬ್ ಪೇಜಸ್. ತಾಣದ ಗಾತ್ರ 1 ಜಿಬಿ ಮೀರಬಾರದು, ತಿಂಗಳಿಗೆ 100 ಜಿಬಿವರೆಗೆ ಡೇಟಾ ಹೊರಗೆ ಹೋಗಬಹುದು ಎಂಬುದು ಅದರ ಮಿತಿ. ಉಚಿತ ಖಾತೆಯಲ್ಲಿ ಮೂಲ ಕಡತಗಳೂ ಎಲ್ಲರಿಗೂ ಕಾಣುತ್ತವೆ. ಹಾಗಾಗಿ ಸದಸ್ಯರ ಫೋನ್ ನಂಬರುಗಳ ಎಕ್ಸೆಲ್ ಕಡತವನ್ನು ಅಲ್ಲಿ ಮರೆತು ಬಿಡಬಾರದು. ಅಂಗಡಿ ವ್ಯಾಪಾರಕ್ಕೆ ಈ ಸೇವೆಯನ್ನು ಬಳಸಬಾರದೆಂಬ ನಿಯಮವೂ ಇದೆ. ಇನ್ನೊಂದು, 2021ರಲ್ಲಿ ಎಲ್ಲರಿಗೂ ತೆರೆದ ಕ್ಲೌಡ್‌ಫ್ಲೇರ್ ಪೇಜಸ್. ಇಲ್ಲಿ ಡೇಟಾಗೆ ಮಿತಿಯಿಲ್ಲ, ಆದರೆ ಒಂದೊಂದು ಕಡತವೂ 25 ಎಂಬಿ ಒಳಗಿರಬೇಕು. ಸ್ಮರಣ ಸಂಚಿಕೆಯ ಸ್ಕ್ಯಾನ್ ಮಾಡಿದ ಪಿಡಿಎಫ್ ಈ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಭಾಗ ಮಾಡಿ ಹಾಕಬೇಕಾಗುತ್ತದೆ. ಮನೆಯಲ್ಲಿ ಗಿಟ್ ಎಂಬ ಕಡತ ನಿರ್ವಹಣೆಯ ಉಪಕರಣ ಬಲ್ಲ ಮಗನೋ ಮಗಳೋ ಇದ್ದರೆ ಮೊದಲನೆಯದು, ಫೋಲ್ಡರನ್ನು ಎಳೆದು ಬಿಡುವುದಷ್ಟೇ ಗೊತ್ತಿದ್ದರೆ ಎರಡನೆಯದು. ಎಳೆದು ಹಾಕಿ ಆರಂಭಿಸಿದ ಯೋಜನೆಯನ್ನು ಮುಂದೆ ಗಿಟ್‌ಗೆ ಜೋಡಿಸಲು ಬರುವುದಿಲ್ಲ, ಹೊಸದನ್ನೇ ತೆರೆಯಬೇಕು. ಚಿಕ್ಕ ತಾಣಕ್ಕೆ ಅದೇನೂ ದೊಡ್ಡ ಕಷ್ಟವಲ್ಲ.

ಅಮೆಜಾನ್ ವೆಬ್ ಸರ್ವಿಸಸ್ 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲೇ ತನ್ನ ಡೇಟಾ ಕೇಂದ್ರಗಳ ವಲಯ ತೆರೆಯಿತು. ‘ಸರ್ವರ್ ನಮ್ಮೂರಲ್ಲೇ ಇದೆಯಲ್ಲ, ಅಲ್ಲೇ ಇಡೋಣ’ ಎನ್ನುವವರು ಉಂಟು. ಐದು ಪುಟದ ತಾಣಕ್ಕೆ ಆ ದಾರಿ ಬೇಡ. ಅಲ್ಲಿನ ಎಸ್3 ಸಂಗ್ರಹದ ವೆಬ್‌ಸೈಟ್ ವಿಳಾಸಕ್ಕೆ ಎಚ್‌ಟಿಟಿಪಿಎಸ್ ಬೀಗ ಇಲ್ಲ, ಅದಕ್ಕಾಗಿ ಕ್ಲೌಡ್‌ಫ್ರಂಟ್ ಎಂಬ ಇನ್ನೊಂದು ಸೇವೆ ಜೋಡಿಸಬೇಕು. ಅನುಮತಿಗಳ ಗೋಜಲು ಬೇರೆ. ಖಾತೆಗೆ ಕ್ರೆಡಿಟ್ ಕಾರ್ಡ್ ಅಂಟಿರುತ್ತದೆ ಎಂಬುದು ಎಲ್ಲಕ್ಕಿಂತ ಮುಖ್ಯ. ವೇಗದ ವಿಷಯಕ್ಕೆ ಬಂದರೆ, ಕ್ಲೌಡ್‌ಫ್ಲೇರ್ ಪುಟಗಳನ್ನು ಓದುಗನಿಗೆ ಹತ್ತಿರದ ಕೇಂದ್ರದಿಂದ ಕೊಡುತ್ತದೆ. ಅಂಥದೊಂದು ಕೇಂದ್ರ ಹೈದರಾಬಾದಿನಲ್ಲೂ ಇದೆ. ನ್ಯೂಜೆರ್ಸಿಯಲ್ಲಿರುವ ಮಗಳು ತೆರೆದರೆ ಅವಳಿಗೆ ಅಲ್ಲಿ ಹತ್ತಿರದ್ದು. ಸರ್ವರ್ ಯಾವ ಊರಿನದೆಂಬ ಚಿಂತೆ ಇಲ್ಲಿ ಅಪ್ರಸ್ತುತ.

ಕಾರ್ಡಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. 2024ರ ಫೆಬ್ರವರಿಯಲ್ಲಿ ನೆಟ್ಲಿಫೈ ಎಂಬ ಸೇವೆಯ ಉಚಿತ ಯೋಜನೆಯಲ್ಲಿದ್ದ ಸಣ್ಣ ಸ್ಥಿರ ತಾಣಕ್ಕೆ 1,04,500 ಡಾಲರ್ ಬಿಲ್ ಬಂತು. ತಾಣದಲ್ಲಿದ್ದ ಒಂದು ಹಾಡಿನ ಕಡತವನ್ನು ಯಾರೋ ಯಂತ್ರಗಳಿಂದ ಮತ್ತೆ ಮತ್ತೆ ಇಳಿಸಿಕೊಂಡಿದ್ದರು. ಸುದ್ದಿ ಹಬ್ಬಿದ ಮೇಲೆ ಕಂಪನಿಯ ಮುಖ್ಯಸ್ಥರೇ ಬಿಲ್ ಮನ್ನಾ ಮಾಡಿಸಿದರು. ಹೋಸ್ಟಿಂಗ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಹಾಗಾಗಿ ಒಂದೇ: ಮಿತಿ ಮೀರಿದರೆ ತಾಣ ನಿಲ್ಲುತ್ತದೋ, ಬಿಲ್ ಬರುತ್ತದೋ? ನಿಲ್ಲುವುದೇ ಬಳಗದಂಥವರಿಗೆ ಕ್ಷೇಮ. ಯಾರದೋ ಕಿತಾಪತಿಗೆ ಖಜಾಂಚಿ ಉತ್ತರ ಕೊಡಬೇಕಾಗುವುದಿಲ್ಲ.

ಇನ್ನು ಹೆಸರು. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ಹಿಡಿದಿರುತ್ತಾರೆ. ‘ಡಾಟ್ ಇನ್’ ಹೆಸರುಗಳ ಹೊಣೆ ನಿಕ್ಸಿ ಎಂಬ ಸಂಸ್ಥೆಯದು. ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್ ಕಂಪನಿಗಳ ಮೂಲಕ ಸಾರ್ವಜನಿಕರು ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂದು ಕೊನೆಯಾಗುವ ಹೆಸರೂ ಸಿಗುತ್ತದೆ. ಅಭಿಮಾನಕ್ಕೆ ಅದನ್ನು ಇಟ್ಟುಕೊಳ್ಳಲಿ, ಆದರೆ ಕರಪತ್ರದಲ್ಲಿ ಅಚ್ಚು ಹಾಕಲು ಇಂಗ್ಲಿಷ್ ಅಕ್ಷರದ ಹೆಸರೂ ಜೊತೆಗಿರಲಿ. ಕೊಳ್ಳುವಾಗ ಮೊದಲ ವರ್ಷದ ದರ ನೋಡಿ ಮರುಳಾಗದೆ ನವೀಕರಣದ ದರ ಎಷ್ಟೆಂದು ಹುಡುಕಿ ಓದಿಕೊಳ್ಳಬೇಕು.

ದರಕ್ಕಿಂತ ದೊಡ್ಡ ಗುಂಡಿ ಬೇರೆ ಇದೆ. ಹೈದರಾಬಾದಿನ ಬಳಗಗಳಲ್ಲಿ ತಾಣದ ಕೆಲಸ ಬೀಳುವುದು ಸಾಫ್ಟ್‌ವೇರ್ ನೌಕರಿಯಲ್ಲಿರುವ ಉತ್ಸಾಹಿ ಸದಸ್ಯನ ಮೇಲೆ. ಗಚ್ಚಿಬೌಲಿಯ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಅವನು ಹೆಸರು ನೋಂದಾಯಿಸುತ್ತಾನೆ. ಇಮೇಲ್ ಕೇಳಿದಾಗ ಕೈಗೆ ಬಂದದ್ದು ಆಫೀಸಿನ ವಿಳಾಸ. ಕಾರ್ಡ್ ಅವನದೇ, ಫೋನ್ ನಂಬರ್ ಅವನದೇ. ಎರಡು ವರ್ಷಕ್ಕೆ ನೌಕರಿ ಬದಲಾಗುತ್ತದೆ, ಆಫೀಸಿನ ಇಮೇಲ್ ಆ ಸಂಜೆಯೇ ಸಾಯುತ್ತದೆ. ನವೀಕರಣದ ನೆನಪೋಲೆಗಳು ಬರುವುದು ಆ ಸತ್ತ ಡಬ್ಬಿಗೆ. ‘ಡಾಟ್ ಕಾಮ್’ನಂಥ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ತಿಂಗಳ ಮೊದಲೊಮ್ಮೆ, ವಾರದ ಮೊದಲೊಮ್ಮೆ, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ತಿಳಿಸಬೇಕೆಂಬ ನಿಯಮ ರಿಜಿಸ್ಟ್ರಾರುಗಳಿಗಿದೆ. ಅವರು ತಪ್ಪದೆ ತಿಳಿಸುತ್ತಾರೆ. ಓದುವವರಿಲ್ಲ.

ಆಮೇಲಿನದು ನಿಧಾನವಾದ ಪತನ. ‘ಡಾಟ್ ಕಾಮ್’ ಹೆಸರಿನ ಅವಧಿ ಮುಗಿದ ಮೇಲೆ ಗರಿಷ್ಠ 45 ದಿನ, ರಿಜಿಸ್ಟ್ರಾರ್ ಕೊಟ್ಟಷ್ಟು, ಮಾಮೂಲಿ ದರದಲ್ಲಿ ನವೀಕರಿಸಲು ಅವಕಾಶ. ಅದೂ ದಾಟಿದರೆ 30 ದಿನ ಬಿಡಿಸಿಕೊಳ್ಳುವ ಕಾಲ. ಆಗ ದಂಡದಂತೆ ಹೆಚ್ಚಿನ ಶುಲ್ಕ. ನಂತರ ಐದು ದಿನ ಯಾರಿಗೂ ಸಿಗದ ಸ್ಥಿತಿ. ಆರನೆಯ ದಿನ ಲೋಕದ ಯಾರು ಬೇಕಾದರೂ ಹೆಸರನ್ನು ಎತ್ತಿಕೊಳ್ಳಬಹುದು. ಇಂಥ ಹಳೆಯ ಹೆಸರುಗಳಿಗಾಗಿಯೇ ಕಾದು ಕೂತವರಿದ್ದಾರೆ. ಹತ್ತು ವರ್ಷದ ಆಮಂತ್ರಣ ಪತ್ರಿಕೆಗಳ ಮೇಲೆ ಅಚ್ಚಾದ ವಿಳಾಸ ತೆರೆದರೆ ಜೂಜಿನ ಜಾಹೀರಾತು ಕಾಣುವುದು ಹೀಗೆ. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಕಳ್ಳತನವೇ ನಡೆದಿಲ್ಲ.

ಮಾಡಿಕೊಟ್ಟ ಏಜೆನ್ಸಿಯೇ ಹೆಸರನ್ನು ತನ್ನ ಖಾತೆಯಲ್ಲಿ ಇಟ್ಟುಕೊಳ್ಳುವುದು ಇದರ ಇನ್ನೊಂದು ರೂಪ. ಮುಂದೆ ಜಗಳವಾದರೆ ತಾಣವನ್ನು ಬೇರೆಡೆ ಕಟ್ಟಬಹುದು, ಹೆಸರನ್ನು ಕಿತ್ತು ತರಲಾಗದು. ಆದ್ದರಿಂದ ನೋಂದಣಿಯಲ್ಲಿ ಬಳಗದ ಹೆಸರೇ ಇರಬೇಕು. ಇಮೇಲ್ ಬಳಗದ್ದೇ ಆದ ಪ್ರತ್ಯೇಕ ಜಿಮೇಲ್ ಆಗಿರಬೇಕು. ಅದೇ ಡೊಮೇನಿನ ಇಮೇಲ್ ಕೊಟ್ಟರೆ ಹೆಸರು ಬಿದ್ದ ದಿನ ಇಮೇಲೂ ಬೀಳುತ್ತದೆ. ಆ ಜಿಮೇಲಿನ ಪಾಸ್‌ವರ್ಡ್ ಕಾರ್ಯದರ್ಶಿ, ಖಜಾಂಚಿ ಇಬ್ಬರಲ್ಲೂ ಇರಲಿ. ಎರಡು ಹಂತದ ಲಾಗಿನ್‌ಗೆ ಕೊಡುವ ರಿಕವರಿ ಕೋಡುಗಳನ್ನು ಕಾಗದದಲ್ಲಿ ಮುದ್ರಿಸಿ ನಡಾವಳಿ ಪುಸ್ತಕದ ಜೊತೆ ಇಡುವುದು ಹಳೇ ಕಾಲದ ಬುದ್ಧಿ ಎನಿಸಿದರೂ ಅದನ್ನು ಮೀರಿಸಿದ ಉಪಾಯವಿಲ್ಲ. ತಾನಾಗಿ ನವೀಕರಣವಾಗುವ ಆಯ್ಕೆ ಹಾಕಿದ್ದರೂ ಕಾರ್ಡಿನ ಅವಧಿ ಮುಗಿದಿದ್ದರೆ ಅದು ಕೆಲಸ ಮಾಡದು. ಐದು ವರ್ಷದ ಹಣ ಮೊದಲೇ ಕಟ್ಟುವುದಾದರೆ ಹೆಸರಿಗೆ ಕಟ್ಟಲಿ, ಹೋಸ್ಟಿಂಗ್‌ಗೆ ಬೇಡ. ನವೀಕರಣದ ಹೆಸರಿನಲ್ಲಿ ಬರುವ ಎಲ್ಲ ಪತ್ರಗಳೂ ಅಸಲಿಯಲ್ಲ. ರಿಜಿಸ್ಟ್ರಾರಿನ ತಾಣಕ್ಕೆ ತಾವೇ ಹೋಗಿ ಲಾಗಿನ್ ಆಗಿ ನೋಡದೆ ಯಾವ ಕೊಂಡಿಯನ್ನೂ ಒತ್ತಬಾರದು.

ಜೋಡಣೆಯ ಕೆಲಸ ಅರ್ಧ ಗಂಟೆಯದು. ಮೊದಲು ಹೋಸ್ಟಿಂಗ್ ಸೇವೆಯ ‘ಕಸ್ಟಮ್ ಡೊಮೇನ್’ ಜಾಗದಲ್ಲಿ ಹೆಸರು ಸೇರಿಸಬೇಕು, ಆಮೇಲೆ ಹೆಸರು ಯಾವ ಸರ್ವರ್‌ಗೆ ಒಯ್ಯಬೇಕೆಂದು ಬರೆದಿಡುವ ರಿಜಿಸ್ಟ್ರಾರಿನ ಡಿಎನ್‌ಎಸ್ ಪುಟಕ್ಕೆ ಹೋಗಬೇಕು. ಈ ಕ್ರಮ ತಿರುವುಮುರುವಾದರೆ ನಡುವಿನ ಹೊತ್ತಿನಲ್ಲಿ ಬೇರೊಬ್ಬರು ಆ ಹೆಸರನ್ನು ತಮ್ಮ ಖಾತೆಗೆ ಅಂಟಿಸಿಕೊಳ್ಳುವ ಸಾಧ್ಯತೆ ಇದೆ. ಗಿಟ್‌ಹಬ್ ಆದರೆ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ಗೆ ಒಂದು ಸಿನೇಮ್ ದಾಖಲೆ, ಬರಿಯ ಹೆಸರಿಗೆ ನಾಲ್ಕು ಎ ದಾಖಲೆಗಳು: 185.199.108.153, ಮತ್ತು 108ರ ಜಾಗದಲ್ಲಿ 109, 110, 111 ಇರುವ ಇನ್ನು ಮೂರು. ಕ್ಲೌಡ್‌ಫ್ಲೇರ್‌ನಲ್ಲಿ ಬರಿಯ ಹೆಸರು ಬಳಸಬೇಕಿದ್ದರೆ ನೇಮ್‌ಸರ್ವರ್‌ಗಳನ್ನೇ ಅಲ್ಲಿಗೆ ಬದಲಿಸಬೇಕು. ಆ ಹೆಸರಿನಲ್ಲಿ ಇಮೇಲ್ ನಡೆಯುತ್ತಿದ್ದರೆ ಎಂಎಕ್ಸ್ ದಾಖಲೆಗಳು ಸರಿಯಾಗಿ ನಕಲಾಗಿವೆಯೇ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಪತ್ರಗಳು ನಿಲ್ಲುತ್ತವೆ. ಬದಲಾವಣೆ ಎಲ್ಲೆಡೆ ಹರಡಲು ಒಂದು ದಿನ ಹಿಡಿಯಬಹುದು. ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಎರಡೂ ಕಡೆ ಉಚಿತ. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಬಂದ ಮೇಲೆ ಸ್ಥಿರ ತಾಣಕ್ಕೆ ‘ಎಸ್‌ಎಸ್‌ಎಲ್ ಶುಲ್ಕ’ ಎಂದು ಪ್ರತ್ಯೇಕ ಬಿಲ್ ಬರೆಯುವವರನ್ನು ಅನುಮಾನದಿಂದಲೇ ನೋಡಬೇಕು.

ಕನ್ನಡ ತಾಣಗಳಿಗೆ ಮಾತ್ರ ಬರುವ ಒಂದು ತೊಡಕಿದೆ. ಹಳೆಯ ಸಂಚಿಕೆಗಳ ಪಠ್ಯ ಹೆಚ್ಚಾಗಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾಗಿರುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ವಿಚಿತ್ರ ಇಂಗ್ಲಿಷ್ ಚಿಹ್ನೆಗಳ ರಾಶಿ. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ಓದಿ ತಿದ್ದಿಯೇ ಹಾಕಬೇಕು. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಸೂಚಿಸಿರಬೇಕು. ಕಡತಗಳ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ದೊಡ್ಡಕ್ಷರ-ಸಣ್ಣಕ್ಷರದ ಭೇದ ವಿಂಡೋಸ್‌ಗೆ ಲೆಕ್ಕಕ್ಕಿಲ್ಲ, ಈ ಸರ್ವರ್‌ಗಳಿಗೆ ಇದೆ. ಮನೆಯ ಕಂಪ್ಯೂಟರಿನಲ್ಲಿ ಕಂಡ ಅಧ್ಯಕ್ಷರ ಫೋಟೊ ತಾಣದಲ್ಲಿ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಫೋಟೊಗಳ ವಿಷಯ ಚುಟುಕಾಗಿ. ಫೋನಿನ ಚಿತ್ರ 4.5 ಎಂಬಿ ಇದ್ದರೆ ಇಪ್ಪತ್ತು ಚಿತ್ರದ ಪುಟ 90 ಎಂಬಿ. 100 ಜಿಬಿ ಮಿತಿ ಸುಮಾರು 1,100 ಭೇಟಿಗೆ ಖಾಲಿ. ಅಗಲ 1,600 ಪಿಕ್ಸೆಲ್‌ಗೆ ಇಳಿಸಿ ಒಂದೊಂದನ್ನೂ 300 ಕೆಬಿಗೆ ತಂದರೆ ಅದೇ ಮಿತಿಯಲ್ಲಿ ಹದಿನಾರು ಸಾವಿರ ಭೇಟಿ ದಾಟುತ್ತದೆ. ವಿಡಿಯೊ ಯೂಟ್ಯೂಬಿನಲ್ಲಿರಲಿ. ಸಂಪರ್ಕದ ಅರ್ಜಿ ನಮೂನೆಗೆ ಗೂಗಲ್ ಫಾರ್ಮ್ ಸಾಕು. ಕೊನೆಯದಾಗಿ, ಉಚಿತ ಸೇವೆ ಮುಚ್ಚಿಹೋದರೇನು ಗತಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ ಎಂಬ ಉಚಿತ ಸೇವೆಯನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಫೋಲ್ಡರಿನ ನಕಲು ಪೆನ್‌ಡ್ರೈವಿನಲ್ಲೂ ಡೊಮೇನ್ ಬಳಗದ ಕೈಯಲ್ಲೂ ಇದ್ದರೆ ಅದೇ ದಿನ ಇನ್ನೊಂದೆಡೆ ಏರಿಸಿ, ಡಿಎನ್‌ಎಸ್ ದಾಖಲೆ ಬದಲಿಸಿದರಾಯಿತು.