ಪರ್ಲ್ ಒಲಿಸಿಕೊಳ್ಳಲು ಏಳು ಸೂತ್ರಗಳು

ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೊರತಂದರು. ಅವರು ಭಾಷಾಶಾಸ್ತ್ರ ಓದಿದವರು. ಅವರ ಪರ್ಲ್‌ನಲ್ಲೂ ಆಡುಭಾಷೆಯಂತೆ ಸಂದರ್ಭ ಬದಲಾದರೆ ಅರ್ಥ ಬದಲಾಗುತ್ತದೆ. ಈ ಗುಣ ಅರಿತವರಿಗೆ ಪರ್ಲ್ ಸಲೀಸು.

1. ಮೊದಲ ಎರಡು ಸಾಲು ಬಿಡಬೇಡಿ. ಪ್ರತಿ ಪ್ರೋಗ್ರಾಂ 'ಯೂಸ್ ಸ್ಟ್ರಿಕ್ಟ್', 'ಯೂಸ್ ವಾರ್ನಿಂಗ್ಸ್' ಎಂದೇ ಶುರುವಾಗಲಿ. ವೇರಿಯಬಲ್ ಹೆಸರಿನ ಅಕ್ಷರದೋಷಗಳು ಓಡಿಸುವ ಮೊದಲೇ ಸಿಕ್ಕಿಬೀಳುತ್ತವೆ.

2. ಮೊದಲು ಪರ್ಲ್‌ಡಾಕ್ ಕೇಳಿ. ಟರ್ಮಿನಲ್‌ನಲ್ಲಿ 'ಪರ್ಲ್‌ಡಾಕ್ -ಎಫ್' ಜೊತೆ ಫಂಕ್ಷನ್ ಹೆಸರು ಕೊಟ್ಟರೆ ವಿವರಣೆ ಬರುತ್ತದೆ. '-ವಿ' ಕೊಟ್ಟರೆ ವಿಶೇಷ ವೇರಿಯಬಲ್‌ಗಳದ್ದು. ಕೆಲವು ಲಿನಕ್ಸ್‌ಗಳಲ್ಲಿ ಪರ್ಲ್‌ಡಾಕನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕು. ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲ.

3. ಆವರಣ ಚಿಹ್ನೆಯ ಮೇಲೆ ಕಣ್ಣಿಡಿ. @ಊರು ಪಟ್ಟಿಯಲ್ಲಿ ಹಾಸನ, ಗದಗ, ಬೀದರ್ ಇವೆ ಎನ್ನಿ. $ಅ = @ಊರು ಎಂದರೆ ಸಿಗುವುದು 3, ಅಂದರೆ ಎಣಿಕೆ. ($ಅ) = @ಊರು ಎಂದರೆ ಸಿಗುವುದು ಹಾಸನ. ಪರ್ಲ್‌ನ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ.

4. ಅಂಕಿಗೆ ==, ಅಕ್ಷರಕ್ಕೆ 'ಈಕ್ಯೂ'. "1" ಮತ್ತು "1.0" ಮೊದಲನೆಯದರಲ್ಲಿ ಸಮ, ಎರಡನೆಯದರಲ್ಲಿ ಬೇರೆ. ಇನ್ನೊಂದು ವಿಚಿತ್ರ: "0" ಸುಳ್ಳು, ಆದರೆ "0.0" ನಿಜ. ಮೌಲ್ಯ ಇದೆಯೇ ಎಂದು ತಿಳಿಯಲು 'ಡಿಫೈನ್ಡ್' ಬಳಸಿ.

5. ಕನ್ನಡಕ್ಕೆ 'ಯೂಸ್ ಯುಟಿಎಫ್8'. ಅದಿಲ್ಲದೆ 'ಕನ್ನಡ' ಪದದ ಉದ್ದ ಕೇಳಿದರೆ ಪರ್ಲ್ ಬೈಟ್ ಎಣಿಸಿ 15 ಎನ್ನುತ್ತದೆ. ಇದ್ದರೆ 5, ಏಕೆಂದರೆ ಒತ್ತಕ್ಷರದ ವಿರಾಮ ಚಿಹ್ನೆಯೂ (್) ಲೆಕ್ಕಕ್ಕೆ ಬರುತ್ತದೆ. ಮೇಲಿನ $ಅ, @ಊರು ಥರದ ಕನ್ನಡ ಹೆಸರುಗಳಿಗೂ ಈ ಸಾಲು ಬೇಕು. ಫೈಲ್ ಓದುವಾಗ, ಬರೆಯುವಾಗ ಎನ್‌ಕೋಡಿಂಗನ್ನು ಬೇರೆಯಾಗಿ ಹೇಳಿ.

6. ಬರೆಯುವ ಮೊದಲು ಸಿಪ್ಯಾನ್ ಹುಡುಕಿ. 1995ರಿಂದ ಬೆಳೆದ ಈ ಮಾಡ್ಯೂಲ್ ಭಂಡಾರವನ್ನು ಮೆಟಾಸಿಪ್ಯಾನ್ ತಾಣದಲ್ಲಿ ಜಾಲಾಡಬಹುದು. ಸಿಎಸ್‌ವಿ ಫೈಲನ್ನು ಬರೀ ಅಲ್ಪವಿರಾಮದಲ್ಲಿ ಕತ್ತರಿಸಿದರೆ "ಜಯನಗರ, ಬೆಂಗಳೂರು" ಎಂಬ ಒಂದೇ ವಿಳಾಸ ಎರಡು ತುಂಡಾಗುತ್ತದೆ. 'ಟೆಕ್ಸ್ಟ್::ಸಿಎಸ್‌ವಿ' ಮಾಡ್ಯೂಲ್ ಉದ್ಧರಣ ಚಿಹ್ನೆ ಗಮನಿಸಿ ಸರಿಯಾಗಿ ಓದುತ್ತದೆ. ಆರಿಸುವಾಗ ಕೊನೆಯ ಅಪ್‌ಡೇಟ್ ದಿನಾಂಕ, ಟೆಸ್ಟ್ ಫಲಿತಾಂಶ ನೋಡಿ.

7. ಹಲವು ದಾರಿಯಲ್ಲಿ ಒಂದನ್ನು ಹಿಡಿಯಿರಿ. ಒಂದೇ ಕೆಲಸಕ್ಕೆ ಹಲವು ದಾರಿ ಎಂಬುದೇ ಪರ್ಲ್‌ನ ಧ್ಯೇಯವಾಕ್ಯ. ತಂಡದಲ್ಲಿ ಒಂದು ಶೈಲಿ ಒಪ್ಪಿಕೊಳ್ಳಿ; ಸಾಲುಗಳನ್ನು 'ಪರ್ಲ್‌ಟೈಡಿ' ಜೋಡಿಸಲಿ, ಕೆಟ್ಟ ಅಭ್ಯಾಸಗಳನ್ನು 'ಪರ್ಲ್‌ಕ್ರಿಟಿಕ್' ತೋರಿಸಲಿ. ಹೊಸಬರು 'ಲರ್ನಿಂಗ್ ಪರ್ಲ್' ಪುಸ್ತಕದಿಂದ ಶುರುಮಾಡಿ, ಉಚಿತವಾಗಿ ಸಿಗುವ 'ಮಾಡರ್ನ್ ಪರ್ಲ್'ಗೆ ಬನ್ನಿ. ಚಿಕ್ಕದಾಗಿ ಬರೆಯುವುದಕ್ಕಿಂತ ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯುವುದೇ ಪರ್ಲ್‌ನಲ್ಲಿ ನಿಜವಾದ ಪಳಗುವಿಕೆ.