ಟ್ರ್ಯಾಕ್ಟರಿನ ಹಿಂದಿನ ಅಚ್ಚಿನಲ್ಲಿ ಎಣ್ಣೆ ಸೋರುವಿಕೆ: ಕಾರಣಗಳೂ ಪರಿಹಾರಗಳೂ

ಟ್ರ್ಯಾಕ್ಟರನ್ನು ಇಟ್ಟುಕೊಂಡಿರುವ ಜಮೀನುದಾರರಲ್ಲಿ ಅನೇಕರು ಹಿಂದಿನ ಚಕ್ರದ ಒಳಮಗ್ಗುಲಲ್ಲಿ ಎಣ್ಣೆ ಜಿನುಗುವುದನ್ನು ಕಂಡಿರುವರು. ಹೊಸ ಆಯಿಲ್ ಸೀಲನ್ನು ಹಾಕಿಸಿದರೆ ಸೋರುವುದು ಕೆಲವು ದಿನ ನಿಂತು, ಪುನಃ ಆರಂಭವಾಗುವುದು. ಆಗ ಅಂಗಡಿಯವನನ್ನಾಗಲಿ ಮೇಸ್ತ್ರಿಯನ್ನಾಗಲಿ ದೂರುವುದು ವಾಡಿಕೆ. ಆದರೆ ಒಂದೇ ಸ್ಥಳದಲ್ಲಿ ಸೀಲು ಮೇಲಿಂದ ಮೇಲೆ ಕೆಡುತ್ತಿದ್ದರೆ, ದೋಷವು ಬಹುಮಟ್ಟಿಗೆ ಸೀಲಿನಲ್ಲಿರದೆ ಬೇರೆ ಕಡೆ ಇರುವುದು. ಅದನ್ನು ಹುಡುಕದೆ ಸೀಲನ್ನು ಮಾತ್ರ ಬದಲಾಯಿಸುತ್ತ ಹೋಗುವುದು ವ್ಯರ್ಥ ವೆಚ್ಚವು.

ಅಲಕ್ಷ್ಯದ ಫಲ.— ಅನೇಕ ಮಾದರಿಗಳಲ್ಲಿ ಗೇರುಗಳಿಗೂ ಹೈಡ್ರಾಲಿಕ್ ಯಂತ್ರಕ್ಕೂ ಎಣ್ಣೆ ಒಂದೇ. ಅದು ಕಡಮೆಯಾದರೆ ಎರಡಕ್ಕೂ ಹಾನಿಯುಂಟು. ಒಣ ಬ್ರೇಕುಗಳು ಚಕ್ರದ ಹತ್ತಿರವೇ ಇರುವ ಮಾದರಿಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯವಿರುವುದು. ಸೋರಿದ ಎಣ್ಣೆಯು ಒಂದು ಮಗ್ಗುಲಿನ ಬ್ರೇಕ್ ಲೈನಿಂಗಿಗೆ ತಗುಲಿದರೆ ಆ ಚಕ್ರವು ಹಿಡಿಯದೆ, ಇನ್ನೊಂದು ಮಾತ್ರ ಹಿಡಿಯುವುದು. ಕಬ್ಬಿನ ಹೇರನ್ನು ಎಳೆದುಕೊಂಡು ಇಳಿಜಾರಿನಲ್ಲಿ ಹೋಗುವಾಗ ಹೀಗಾದರೆ ಗಾಡಿಯು ಒಂದು ಕಡೆಗೆ ತಿರುಗಿ ಮಗುಚಿ ಪ್ರಾಣಹಾನಿಯಾಗಬಹುದು. ಆದುದರಿಂದ ಬ್ರೇಕಿಗೆ ಎಣ್ಣೆ ತಗುಲಿದ ಟ್ರ್ಯಾಕ್ಟರನ್ನು ರಸ್ತೆಗೆ ತರಲೇಬಾರದು.

ಸೀಲಿನ ಸ್ವರೂಪ.— ಇದು ಒಂದು ಲೋಹದ ಬಳೆ. ಇದರ ಒಳಗಡೆ ರಬ್ಬರಿನ ತುಟಿಯೂ, ಆ ತುಟಿಯನ್ನು ಅಚ್ಚಿನ ಮೇಲೆ ಒತ್ತಿ ಹಿಡಿಯುವ ತೆಳುವಾದ ಸ್ಪ್ರಿಂಗೂ ಇರುವುವು. ತುಟಿಯ ಬಲವು ಅತ್ಯಲ್ಪ. ಹರಿದು ಬರುವ ಎಣ್ಣೆಯನ್ನು ಅದು ತಡೆಯಬಲ್ಲದೇ ಹೊರತು, ಒಳಗಿನ ಒತ್ತಡವನ್ನು ತಡೆಯಲಾರದು.

ಮೊದಲನೆಯ ಪರೀಕ್ಷೆ.— ಅಚ್ಚಿನ ಸುತ್ತಲೂ ಸೀಮೆಎಣ್ಣೆಯಿಂದ ತೊಳೆದು, ಒರಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿ, ಸ್ವಲ್ಪ ದೂರ ನಡೆಸಿ ನೋಡತಕ್ಕದ್ದು. ಮೊದಲು ಎಲ್ಲಿ ಒದ್ದೆಯಾಗುವುದೋ ಅದೇ ಸೋರುವ ಸ್ಥಳ. ಎಷ್ಟೋ ವೇಳೆ ಸೀಲು ನೆಟ್ಟಗಿದ್ದು, ಜೋಡಣೆಯ ಗ್ಯಾಸ್ಕೆಟ್ಟೇ ಸೋರುತ್ತಿರುವುದುಂಟು.

ಗಾಳಿಯ ದಾರಿ.— ಗೇರುಗಳು ಕೆಲಸ ಮಾಡಿದಂತೆಲ್ಲ ಎಣ್ಣೆಯು ಬಿಸಿಯಾಗಿ ಒಳಗಿನ ಗಾಳಿಯು ಹಿಗ್ಗುವುದು. ಅದು ಹೊರಹೋಗಲು ಮೇಲ್ಗಡೆ ಬ್ರೀದರ್ ಎಂಬ ಸಣ್ಣ ಮುಚ್ಚಳವಿರುವುದು. ಗದ್ದೆಯ ಕೆಸರು ಉಳುಮೆಯಲ್ಲಿ ಇದು ಮಣ್ಣಿನಿಂದ ಕಟ್ಟಿಹೋಗುವುದು. ಕೋಡಿಯನ್ನು ಮುಚ್ಚಿದ ಕೆರೆಯ ನೀರು ಏರಿಯ ದುರ್ಬಲ ಸ್ಥಳವನ್ನು ಹುಡುಕುವಂತೆ, ದಾರಿ ಕಟ್ಟಿದ ಗಾಳಿಯು ಎಣ್ಣೆಯನ್ನು ಸೀಲಿನ ಕಡೆಗೆ ನೂಕುವುದು. ಬ್ರೀದರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕುವುದಕ್ಕೆ ವೆಚ್ಚವೇ ಇಲ್ಲ. ಆದುದರಿಂದ ಇದನ್ನು ಎಲ್ಲಕ್ಕಿಂತ ಮೊದಲು ಮಾಡತಕ್ಕದ್ದು. ಸಮನಾದ ನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟವನ್ನೂ ಅಳೆಯಬೇಕು. ಮೇಲಿನ ಗುರುತನ್ನು ಮೀರಿ ತುಂಬಿದರೂ ಸೋರುವುದು.

ಬೇರಿಂಗಿನ ಸಡಿಲ.— ಉಳಿದ ಚಕ್ರಗಳಿಗೆ ಅಡ್ಡ ಇಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ, ಮರದ ಗಟ್ಟಿ ದಿಮ್ಮಿಗಳನ್ನು ಕೊಟ್ಟ ಮೇಲೆ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಬೇಕು. ಕೈಪಿಡಿಯಲ್ಲಿ ಹೇಳಿರುವುದಕ್ಕಿಂತ ಹೆಚ್ಚು ಅಲುಗಾಟವಿದ್ದರೆ ಬೇರಿಂಗನ್ನು ಸರಿಪಡಿಸದೆ ಸೀಲು ಹಾಕುವುದು ನಿಷ್ಪ್ರಯೋಜಕ. ಅಲುಗುವ ಅಚ್ಚನ್ನು ಯಾವ ತುಟಿಯೂ ಹಿಂಬಾಲಿಸಲಾರದು. ಜ್ಯಾಕೊಂದನ್ನೇ ನಂಬಿ, ಅಥವಾ ಇಟ್ಟಿಗೆಗಳನ್ನು ಪೇರಿಸಿ, ಕೆಳಗೆ ಕೈ ಹಾಕಬಾರದು.

ಅಚ್ಚಿನ ಗೀರು.— ತುಟಿಯು ವರ್ಷಗಟ್ಟಲೆ ಒಂದೇ ಸ್ಥಳದಲ್ಲಿ ಉಜ್ಜುವುದರಿಂದಲೂ, ನಡುವೆ ಮಣ್ಣು ಸೇರುವುದರಿಂದಲೂ ಉಕ್ಕಿನಲ್ಲಿಯೇ ಗೀರು ಬೀಳುವುದು. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ ಗೀರಿದೆಯೆಂದು ತಿಳಿಯಬೇಕು. ಸ್ಥಳವಿದ್ದರೆ ಹೊಸ ಸೀಲನ್ನು ತುಸು ಒಳಗೋ ಹೊರಗೋ ಕೂರಿಸಿ, ತುಟಿಯು ನುಣುಪಾದ ಭಾಗದ ಮೇಲೆ ಬೀಳುವಂತೆ ಮಾಡಬಹುದು. ಇಲ್ಲವಾದರೆ ಗೀರಿನ ಮೇಲೆ ತೆಳುವಾದ ಉಕ್ಕಿನ ತೋಳನ್ನು ತೊಡಿಸಬಹುದು. ಗೀರು ಬಹಳ ಆಳವಾಗಿದ್ದರೆ ಅಚ್ಚನ್ನೇ ಬದಲಾಯಿಸತಕ್ಕದ್ದು.

ಸೀಲನ್ನು ಕೂರಿಸುವ ಕ್ರಮ.— ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗೆ ಇರಬೇಕು. ತುಟಿಗೆ ಎಣ್ಣೆಯನ್ನು ಸವರದೆ ಹಾಕಿದರೆ ಅದು ಮೊದಲ ಸುತ್ತುಗಳಲ್ಲಿಯೇ ಸುಡುವುದು. ಅಚ್ಚಿನ ಹಲ್ಲುಗಳು ತುಟಿಯನ್ನು ಕೊಯ್ಯದಂತೆ ಅವುಗಳ ಮೇಲೆ ನುಣುಪಾದ ಕಾಗದವನ್ನು ಸುತ್ತಿ ಸೀಲನ್ನು ದಾಟಿಸಬೇಕು. ಸುತ್ತಿಗೆಯಿಂದ ಒಂದೇ ಅಂಚಿಗೆ ಹೊಡೆಯದೆ, ಬಳೆಯ ಅಳತೆಯ ಕೊಳವೆಯನ್ನಿಟ್ಟು ಸಮನಾಗಿ ಒತ್ತತಕ್ಕದ್ದು. ಅಂಗಡಿಯಲ್ಲಿ ಬಹುಕಾಲ ಬಿದ್ದು ರಬ್ಬರು ಗಡುಸಾಗಿರುವ ಸೀಲನ್ನು ಕೊಳ್ಳಬಾರದು.

ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಪುನಃ ಉಪಯೋಗಿಸುವುದು ಸರಿಯಲ್ಲ. ಎರಡು ಮಗ್ಗುಲಿನವನ್ನೂ ಒಟ್ಟಿಗೆ ಬದಲಾಯಿಸಿ, ಎರಡೂ ಸಮನಾಗಿ ಹಿಡಿಯುವುವೇ ಎಂದು ಬಯಲಿನಲ್ಲಿ ಪರೀಕ್ಷಿಸಬೇಕು. ತೆಗೆದ ಹಳೆಯ ಎಣ್ಣೆಯನ್ನು ಕಾಲುವೆಗಾಗಲಿ ಬಾವಿಯ ಸಮೀಪಕ್ಕಾಗಲಿ ಸುರಿಯಬಾರದು.

ಕೆಸರು ಉಳುಮೆ ಮುಗಿದ ಕೂಡಲೆ ಬ್ರೀದರನ್ನು ತೊಳೆಯುವುದು, ಅಚ್ಚಿಗೆ ಸುತ್ತಿದ ಹುಲ್ಲನ್ನು ಬಿಡಿಸುವುದು, ಎಣ್ಣೆಯು ನೀರು ಬೆರೆತು ಮಜ್ಜಿಗೆಯಂತೆ ಬೆಳ್ಳಗಾಗಿದೆಯೇ ಎಂದು ನೋಡುವುದು, ಈ ಮೂರು ಕೆಲಸಗಳಿಗೆ ಒಂದು ಗಂಟೆಯೂ ಹಿಡಿಯದು. ಗ್ರಾಮದ ಮುಖಂಡರು ಇದನ್ನು ತಮ್ಮೂರಿನ ಟ್ರ್ಯಾಕ್ಟರ್ ನಡೆಸುವವರಿಗೆ ಕಬ್ಬಿನ ಸಾಗಾಣಿಕೆಗೆ ಮುಂಚೆಯೇ ಮನದಟ್ಟು ಮಾಡಿಕೊಟ್ಟಲ್ಲಿ, ಹಣದ ಉಳಿತಾಯದೊಡನೆ ಜೀವಗಳ ರಕ್ಷಣೆಯೂ ಆಗುವುದು.