ಖಾಲಿ, ಸಿಂಗಲ್, ಡಿಪ್: ಕಾವಲಿ ಮುಂದೆ ಕಲಿತ ಪಾಠಗಳು

ಉಡುಪಿ ಕಡೆಯಿಂದ ಬೆಂಗಳೂರಿಗೆ ಬಂದವನು ಮೊದಲು ಲೋಟ ತೊಳೆದೆ, ಆಮೇಲೆ ಸಪ್ಲೈ ಮಾಡಿದೆ. ಈಗ 20 ವರ್ಷದಿಂದ ದೋಸೆ ಕಾವಲಿ ಮುಂದೆ ನಿಂತಿದ್ದೇನೆ. ಹಿಟ್ಟಿನ ಹದ ವರ್ಷದೊಳಗೆ ಕೈಗೆ ಹತ್ತಿತು. ಗಿರಾಕಿಗಳ ಮಾತಿನ ಹದಕ್ಕೆ ಬಹಳ ಕಾಲ ಹಿಡಿಯಿತು. ಹೊಸ ಹುಡುಗರಿಗೆ ನಾನು ಹೇಳಿಕೊಡುವುದು ಇಷ್ಟು.

1. 'ಖಾಲಿ' ದೋಸೆಗೆ ಮಾತ್ರ. ಖಾಲಿ ದೋಸೆ ಎಂದರೆ ಪಲ್ಯವಿಲ್ಲದ, ಮೆತ್ತನೆಯ ದೋಸೆ. ಹೊಸತರಲ್ಲಿ ಒಬ್ಬರು "ಏನಿದೆ?" ಅಂದರು. ಇಡ್ಲಿ ಮುಗಿದಿತ್ತು. "ಇಡ್ಲಿ... ಖಾಲಿ ಸಾರ್" ಅಂದೆ. "ಹಾಗಾದ್ರೆ ಎರಡು ಖಾಲಿ ಕೊಡು" ಅಂದುಬಿಟ್ಟರು! ಅಂದಿನಿಂದ ಮುಗಿದದ್ದಕ್ಕೆ "ಮುಗೀತು" ಅನ್ನುತ್ತೇನೆ.

2. ಲೆಕ್ಕ ಬೆರಳಲ್ಲಿ ತೋರಿಸು. ಬೆಳಗಿನ ಗದ್ದಲದಲ್ಲಿ 'ಮೂರು', 'ಆರು' ಒಂದೇ ಥರ ಕೇಳುತ್ತವೆ. ಮೂರು ಮಸಾಲೆ ಕೇಳಿದವರಿಗೆ ಆರು ಹುಯ್ದು, ಉಳಿದ ಮೂರನ್ನು ನಾವೇ ತಿಂದದ್ದುಂಟು. 'ಇಡ್ಲಿ ವಡೆ' ಎಂದರೆ ಎರಡು ಇಡ್ಲಿ, ಒಂದು ವಡೆ. ಹಿಂದೆ 'ಸಿಂಗಲ್' ಸೇರಿತೋ, ಒಂದೇ ಇಡ್ಲಿ. 'ಬೈಟು' ಕಾಫಿಗೆ ಮಾತ್ರ. ದೋಸೆಗೆ ಕೇಳಿದರೆ ಇನ್ನೊಂದು ತಟ್ಟೆ ಕೊಟ್ಟುಬಿಡು.

3. ವಡೆ ಹಾಕುವ ಮೊದಲು ಸಾಂಬಾರು ಕೇಳು. 'ಡಿಪ್' ಅಂದರೆ ಮುಳುಗಿಸು, 'ಸಪರೇಟ್' ಅಂದರೆ ಬಟ್ಟಲಲ್ಲಿ ಕೊಡು. ಏನೂ ಹೇಳದವರಿಗೆ ಸಪರೇಟೇ ಇರಲಿ. ಮುಳುಗಿದ ವಡೆ ಮತ್ತೆ ಗರಿಗರಿ ಆಗುವುದಿಲ್ಲ.

4. 'ರೋಸ್ಟ್' ಅಂದರೆ ಹೆಚ್ಚು ಉರಿ ಅಲ್ಲ, ಹೆಚ್ಚು ಹೊತ್ತು. ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಕಾವಲಿ ಗುಡಿಸಿ, ಹಿಟ್ಟನ್ನು ತೆಳ್ಳಗೆ ಎಳೆದು, ಉರಿ ತಗ್ಗಿಸಿ ಕಾಯಬೇಕು. "ರೋಸ್ಟ್, ಬೇಗ!" ಅನ್ನುವವರಿಗೆ "ಎರಡರಲ್ಲಿ ಒಂದು ಹೇಳಿ ಸಾರ್" ಅನ್ನು. ನಗುತ್ತಲೇ ಅನ್ನು.

5. ಊರು ಬದಲಾದರೆ ತಿಂಡಿಯ ಹೆಸರೂ ಬದಲು. ಒಮ್ಮೆ "ಸಜ್ಜಿಗೆ ಬಿಸಿ ಇದೆ" ಅಂದೆ. ಮೈಸೂರಿನ ಅಜ್ಜಿಯೊಬ್ಬರು ಆಸೆಯಿಂದ ತರಿಸಿಕೊಂಡರು; ಮೊದಲ ತುತ್ತಿಗೇ ಹಸಿಮೆಣಸಿನಕಾಯಿ. ನಮ್ಮೂರ ಸಜ್ಜಿಗೆ ಇಲ್ಲಿಯ ಉಪ್ಪಿಟ್ಟು. ಅವರ ಸಜ್ಜಿಗೆ ಪೂಜೆಯ ಸಿಹಿ. ನಮ್ಮ ಗೋಳಿಬಜೆ ಇಲ್ಲಿ ಮಂಗಳೂರು ಬಜ್ಜಿ. ದಾವಣಗೆರೆಯವರು 'ಓಪನ್' ಅಂದರೆ ದೋಸೆ ಮಡಚಬೇಡ.

6. ಚೀಟಿ ಎಲ್ಲವನ್ನೂ ಹೇಳುವುದಿಲ್ಲ. ಹಿಂದೆ ಗಿರಾಕಿ ಸಪ್ಲೈಯರ್ ಹತ್ತಿರ ಉದ್ದಕ್ಕೆ ಹೇಳುತ್ತಿದ್ದರು, ಅವನು ಅದನ್ನು ಎರಡು ಪದ ಮಾಡಿ ಒಳಗೆ ಕೂಗುತ್ತಿದ್ದ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ ಹೋಟೆಲುಗಳು ಊರೆಲ್ಲ ಹಬ್ಬಿದವು. ನಡುವೆ ಇದ್ದ ಸಪ್ಲೈಯರ್ ಹೋದ. ಈಗ ನನ್ನ ಕೈಗೆ ಬರುವುದು 'ಮಸಾಲೆ 1' ಎಂಬ ಚೀಟಿ. ಹೇಗೆ ಬೇಕೆಂದು ನಾನೇ ಕೇಳಬೇಕು.

7. ಎಲ್ಲಕ್ಕಿಂತ ಕಷ್ಟದ ಪದ 'ಮಾಮೂಲಿ'. ದಿನಾ ಏಳು ಗಂಟೆಗೆ ಬರುವ ಮೇಷ್ಟರು ಚೀಟಿ ಇಟ್ಟು ಅದೊಂದೇ ಮಾತು ಆಡುತ್ತಾರೆ. ಮೊನ್ನೆ ಹೊಸ ಹುಡುಗ ಅದನ್ನು ಗೋಡೆಯ ಬೋರ್ಡಿನಲ್ಲಿ ಹುಡುಕುತ್ತಿದ್ದ. "ಎಣ್ಣೆ ಕಡಿಮೆ, ಕೆಂಪು ಚಟ್ನಿ ಇಲ್ಲ, ಪಲ್ಯ ಪಕ್ಕಕ್ಕೆ" ಎಂದು ಅವನ ಕಿವಿಯಲ್ಲಿ ಹೇಳಿದೆ.